ಮಡ್‌ಗಾರ್ಡಿನ ಮೇಲೆ ಮಾವ

ಮನೆಯ ಮುಂದೆಯೇ ಕಾರಿನ ಮುಂಭಾಗದ ಸ್ಪ್ರಿಂಗು ಬಿಚ್ಚುವ ಧೈರ್ಯ ಯಾರಿಗಾದರೂ ಬಂದರೆ ನನ್ನ ಬುದ್ಧಿಮಾತು ಒಂದೇ: ಹೆಣ್ಣು ಕೊಟ್ಟ ಮಾವ ಬರುವ ದಿನ ಆ ಕೆಲಸ ಹಿಡಿಯಬೇಡಿ. ಜಾಕು, ಸ್ಪ್ಯಾನರು, ಸೀಮೆಎಣ್ಣೆಯ ವಿಚಾರ ಆಮೇಲೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಕಾರಿದ್ದದ್ದು ನನ್ನೊಬ್ಬನಿಗೆ. ಖಾಲಿ ಡಬ್ಬ ಕೊಂಡು ಮಾರುತ್ತ ಮಾರ್ಕೆಟ್ಟಿನ ಹಿಂದೆ ಗುಜರಿ ಅಂಗಡಿ ಇಟ್ಟವನು ನಾನು. ಆ ವಿಲಾಯತಿ ಕಾರನ್ನು ವರ್ಗವಾಗಿ ಹೊರಟಿದ್ದ ಒಬ್ಬ ಎಂಜಿನಿಯರರಿಂದ ಕೊಂಡಿದ್ದೆ. ಅವರ ಸಾಮಾನೆಲ್ಲ ಲಾರಿ ಹತ್ತುವವರೆಗೂ ಬೆಲೆ ಬಾಯಿಬಿಡದೆ ಜಗಲಿಯ ಮೇಲೆ ಕೂತಿದ್ದೆ. ಹೊರಡುವ ಅವಸರದಲ್ಲಿ ಇರುವವರ ಹತ್ತಿರ ವ್ಯಾಪಾರ ಮಾಡುವ ಕ್ರಮ ಅದೇ, ಬೇಕಾದರೆ ಕಲಿತುಕೊಳ್ಳಿ.

ಆ ಕಾರಿನ ಮುಂದಿನ ಚಕ್ರಗಳಿಗೆ ಒಂದೊಂದು ಉದ್ದನೆಯ ಕಂಬ, ಅದರ ಸುತ್ತ ಸ್ಪ್ರಿಂಗು. ಕಂಬದ ತಲೆ ಮೇಲೆ ಕಾರಿನ ಮೈಗೆ ಸೇರುವ ಕಡೆ ರಬ್ಬರು ತುಂಬಿದ ಕಬ್ಬಿಣದ ಬಟ್ಟಲೊಂದು ಇರುತ್ತದೆ. ಹಳ್ಳ ಬಿದ್ದರೆ ಪೆಟ್ಟು ತಿನ್ನುವುದೂ ಅದೇ, ಸ್ಟೇರಿಂಗ್ ತಿರುಗಿಸಿದಾಗ ಕಂಬವನ್ನು ಸಲೀಸಾಗಿ ತಿರುಗಿಸುವುದೂ ಅದೇ. ನನ್ನ ಕಾರಿನ ಎರಡು ಬಟ್ಟಲೂ ಸವೆದು ಹೋಗಿದ್ದವು. ತಿರುವಿನಲ್ಲೆಲ್ಲ ಎತ್ತಿನ ಗಾಣದ ಹಾಗೆ ಕಿರ್ರೆನ್ನುತ್ತಿತ್ತು. ನನ್ನ ಹೆಂಡತಿಯ ತವರು ಇಲವಾಲದಲ್ಲಿ ಹುಡುಗರು, "ಗಾಣ ಬಂತು, ಗಾಣ ಬಂತು" ಎಂದು ಓಡಿಬರುತ್ತಿದ್ದರು. ನಾನು ನಗುತ್ತಿದ್ದೆ. ಅವಳು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಮಾವ ಇಲವಾಲದ ಬೇಸಾಯದವರು, ಎತ್ತರದ ದೊಡ್ಡಾಳು. ಖಾಲಿ ಡಬ್ಬ ಮಾರುತ್ತಿದ್ದವನಿಗೆ, ಅದೇನು ಕಂಡರೋ, ಹಿರಿಮಗಳನ್ನು ಕೊಟ್ಟಿದ್ದರು. ಅಲ್ಲಿಂದೀಚೆಗೆ ನನ್ನನ್ನು ಏನೂ ಕೇಳಿದವರಲ್ಲ. ಕಿರಿಮಗಳಿಗೆ ಬೋಗಾದಿಯಲ್ಲಿ ಗಂಡು ಗೊತ್ತಾಗುವಂತಿದ್ದಾಗ ಮಾತ್ರ ಬಸ್ಸಿನವನ ಕೈಲಿ ಹೇಳಿಕಳಿಸಿದರು: ಮಾತುಕತೆ ಮುಗಿಸೋಕೆ ಹೋಗಬೇಕು, ಗಂಡಿನ ಕಡೆಯವರು ಅನುಕೂಲಸ್ಥರು, ಅಳಿಯಂದಿರ ಕಾರಲ್ಲಿ ಹೋದರೆ ಒಂದು ತೂಕ ಇರ್ತದೆ.

ಆ ತೂಕಕ್ಕೆ ಗಾಣದ ಸದ್ದು ಬೇಡವೆಂದು ನನಗೂ ಅನ್ನಿಸಿತು. ಗ್ಯಾರೇಜಿನವನು ಕೇಳಿದ ಕೂಲಿ ಸರಿಬರಲಿಲ್ಲ. ಹೊಸ ಬಟ್ಟಲುಗಳನ್ನು ಚೌಕಾಸಿ ಮಾಡಿ ತಂದು, ಅವರು ಬರುವ ದಿನ ಬೆಳಿಗ್ಗೆ ನಾನೇ ಕೈಹಾಕಿದೆ.

ಈ ಕೆಲಸದ ಗುಟ್ಟು ಇರುವುದು ಸ್ಪ್ರಿಂಗಿನಲ್ಲಿ. ಬಿಗಿಯಾಗಿ ಕಟ್ಟದೆ ಬಿಚ್ಚಿದರೆ ಚಿಮ್ಮಿ ದವಡೆ ಮುರಿಯುತ್ತದೆ. ಮೊದಲು ಕಾರಿನ ಮೂತಿಯ ಮೇಲೆ ಭಾರ ಹೇರಿ ಸ್ಪ್ರಿಂಗನ್ನು ತಗ್ಗಿಸಬೇಕು. ತಗ್ಗಿದಾಗ ಅದರ ಸುತ್ತುಗಳಿಗೆ ಕಬ್ಬಿಣದ ಕೊಕ್ಕೆ ಹಾಕಬೇಕು. ಆಮೇಲೆ ಭಾರ ಇಳಿಸಿ, ಜಾಕು ಕೊಟ್ಟು ಬಿಚ್ಚಬೇಕು. ಅಂಗಡಿಯಿಂದ ಮೊಳೆಯ ಮೂಟೆ ತರಿಸಿದ್ದರೆ ಮುಗಿದುಹೋಗುತ್ತಿತ್ತು. ಗಾಡಿ ಬಾಡಿಗೆ ಯಾಕೆ ದಂಡ ಎಂದು ತರಿಸಲಿಲ್ಲ. ಅಡುಗೆಮನೆಯ ರುಬ್ಬುಗುಂಡನ್ನೇ ಎತ್ತಿ ತಂದು ಬಾನೆಟ್ಟಿನ ಮೇಲೆ ಗೋಣಿ ಹಾಸಿ ಇಟ್ಟೆ.

"ಅಪ್ಪ ಬರ್ತಾರೆ, ಚಟ್ನಿ ಹೇಗ್ರೀ ರುಬ್ಲಿ?" ಎಂದಳು ಹೆಂಡತಿ ಒಳಗಿನಿಂದ.

"ಚಟ್ನಿ ಇಲ್ದಿದ್ರೆ ನಿಮ್ಮಪ್ಪ ವಾಪಸ್ ಹೋಗ್ಬುಡ್ತಾರಾ?"

ರುಬ್ಬುಗುಂಡು ಸಾಲಲಿಲ್ಲ. ಪಕ್ಕದ ಮನೆಯವರು ಕ್ಯಾಥೊಲಿಕರು, ತುಂಬು ಮೈಯವರು. ಬಿಳಿ ಸೂಟು ತೊಟ್ಟು ಚರ್ಚಿನಲ್ಲಿ ಯಾರದೋ ಮದುವೆಗೆ ಹೊರಟಿದ್ದರು. "ಒಂದ್ ಗಳಿಗೆ ಈ ಮಡ್‌ಗಾರ್ಡ್ ಮೇಲೆ ಕೂತ್ಕೊಳ್ಳಿ ಸಾರ್," ಎಂದೆ.

"ಈ ಪ್ಯಾಂಟಲ್ಲಾ? ಪಾದ್ರಿಗಳು ಮದುಮಗನ್ನ ಬಿಟ್ಟು ನನಗೇ ಬುದ್ಧಿ ಹೇಳ್ತಾರೆ ಕಣ್ರೀ," ಎಂದು ನಕ್ಕು, ದೂರದಿಂದಲೇ ಕೈಬೀಸಿ ಹೋದರು.

ಅದೇ ಹೊತ್ತಿಗೆ ಮಾವ ಬೀದಿಯ ತುದಿಯಲ್ಲಿ ಕಂಡರು. ಮಡಿ ಮಾಡಿಸಿ ಇಸ್ತ್ರಿ ಹಾಕಿಸಿದ ಬಿಳಿ ಪಂಚೆ, ಕರಿ ಕೋಟು, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ನನ್ನ ಕಣ್ಣಿಗೆ ಬಿದ್ದದ್ದು ಅವರ ಮೈಕಟ್ಟು.

"ಸರಿಯಾದ್ ಹೊತ್ತಿಗೆ ಬಂದ್ರಿ ಮಾವ. ಇಲ್ಲಿ ಹತ್ತಿ ಕೂತ್ಕೊಳ್ಳಿ ನೋಡಾಣ."

"ಇಲ್ಲೇನಾ?"

"ಹ್ಞೂ, ಮಡ್‌ಗಾರ್ಡ್ ಮೇಲೆ. ಭಾರ ಬೇಕು."

ಅವರು ಒಮ್ಮೆ ಮನೆಯ ಬಾಗಿಲ ಕಡೆ ನೋಡಿದರು. ಹಣ್ಣಿನ ಚಿಪ್ಪನ್ನು ಜಗಲಿಯ ಮೇಲಿಟ್ಟು, ಪಂಚೆ ಒಟ್ಟುಮಾಡಿಕೊಂಡು ಹತ್ತಿ ಕೂತರು. ಹೆಣ್ಣು ಕೊಟ್ಟವರು ಅಳಿಯನ ಮಾತಿಗೆ ಇಲ್ಲ ಅನ್ನುವುದಿಲ್ಲ. ಯಾರನ್ನು ಎಲ್ಲಿ ಒತ್ತಿದರೆ ಎಷ್ಟು ಬಗ್ಗುತ್ತಾರೆ ಎಂದು ನೋಡಿಯೇ ಬದುಕು ಕಟ್ಟಿಕೊಂಡ ನನಗೆ ಅದು ತಿಳಿಯದ ವಿಷಯವಲ್ಲ. ಆಗ ನೆನೆಸಿಕೊಳ್ಳಲಿಲ್ಲ, ಅಷ್ಟೆ.

"ಇನ್ನೊಸಿ ಮುಂದಕ್ಕೆ ಮಾವ... ಅಲ್ಲಾಡ್ಬೇಡಿ."

ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಾಲಿನವಳು ನಿಂತೇಬಿಟ್ಟಳು. "ಏನ್ ಯಜಮಾನ್ರೇ, ಅಳೀಮಯ್ಯ ತೂಕಕ್ಕೆ ಕುಂಡ್ರಿಸವ್ರಾ? ಗುಜರಿ ರೇಟೋ, ತಾಮ್ರದ ರೇಟೋ?"

ಎದುರು ಮನೆಯ ಜಗಲಿಯಿಂದ ನಗು ಬಂತು. ಮಾವನೂ ನಕ್ಕರು. "ಹಳೇ ಮಾಲು ಕನವ್ವ, ಯಾವ ರೇಟಾದ್ರೂ ಸರಿ," ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಕ್ರದ ಪಕ್ಕ ಅಂಗಾತ ಮಲಗಿದ್ದ ನಾನು.

ಎಡಗಡೆ ಮುಗಿಯಿತು. ಕಳಚಿ ಬಂದ ರಬ್ಬರು ಸೀದ ರೊಟ್ಟಿಯ ಹಾಗೆ ಪುಡಿಯಾಯಿತು. ಬಲಗಡೆಗೆ ಮತ್ತೆ ಹತ್ತಿಸಿದೆ. ಅಷ್ಟು ಹೊತ್ತೂ ಹಿತ್ತಲಲ್ಲಿದ್ದ ಹೆಂಡತಿ ಆಗ ಮಾತು ಕೇಳಿ ಕಾಲಿಗೆ ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಪ್ಪಾ! ಕಾಲಿಗಿನ್ನೂ ನೀರೇ ಕೊಟ್ಟಿಲ್ಲ..."

"ಬಂದೆ ಕನವ್ವ, ಇನ್ನೊಸಿ ಅದಂತೆ," ಎಂದರು ಅವರು, ಮಡ್‌ಗಾರ್ಡಿನ ಮೇಲಿಂದ, ಶಾಲೆಯಲ್ಲಿ ಬೆಂಚು ಹತ್ತಿ ನಿಂತವರ ಹಾಗೆ ಮುದುರಿಕೊಂಡು.

ಅವಳು ಚೊಂಬನ್ನು ಜಗಲಿಯ ಮೇಲಿಟ್ಟು ಕಾದಳು.

ಕೊಕ್ಕೆ ಕೂತಿತು, ಅವರು ಇಳಿದರು. ಇಳಿದು ತಿರುಗಿದಾಗ ಕಂಡದ್ದು: ಪಂಚೆಯ ಹಿಂಭಾಗದಲ್ಲಿ ಎರಡು ಅಂಗೈ ಅಗಲದ ಗ್ರೀಸಿನ ಕಲೆ. ನಾನೇ ಗ್ರೀಸಿನ ಕೈಯಲ್ಲಿ ಮುಟ್ಟಿ ಮುಟ್ಟಿ ಬಳಿದಿದ್ದ ಜಾಗದ ಮೇಲೆ ಅವರನ್ನು ಕೂರಿಸಿದ್ದೆ. ಗೋಣಿ ಮಾತ್ರ ರುಬ್ಬುಗುಂಡಿನ ಕೆಳಗಿತ್ತು.

ಹೆಂಡತಿ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಜರಿಯಂಚಿನ ಪಂಚೆ ತಂದಳು. ಮನೆಯಲ್ಲಿ ಅವರ ಎತ್ತರಕ್ಕೆ ಸಾಲುವಂಥದ್ದು ಅದೊಂದೇ. ನಮ್ಮ ಮದುವೆಯಲ್ಲಿ ಅವರೇ ನನಗೆ ಉಡಿಸಿದ್ದು.

ಅವರು ಅದನ್ನು ನೋಡಿ ತಲೆಯಾಡಿಸಿದರು. "ಧಾರೆ ಎರೆಯೋವಾಗ ಕೊಟ್ಟಿದ್ದು ಕನವ್ವ. ವಾಪಸ್ ಉಡೋಕಾಗಕಿಲ್ಲ. ಕಲೆ ಒಳಗಡೆ ಹೋಗಂಗೆ ಮಡಚ್ಕತೀನಿ ಬುಡು."

ಅಂದು ಅವರ ಬಾಯಲ್ಲಿ ಬಂದ ಆಗುವುದಿಲ್ಲ ಎಂಬ ಮಾತು ಅದೊಂದೇ. ಬೇಕಾಗಿದ್ದದ್ದು ಮಡ್‌ಗಾರ್ಡ್ ಹತ್ತುವ ಮೊದಲು, ಬಂದದ್ದು ಬೇಡವಾಗಿದ್ದಾಗ.

ಉಳಿದ ನಟ್ಟು ಬಿಗಿಯುವ ಹೊತ್ತಿಗೆ ರಾಹುಕಾಲ ಹತ್ತಿರ ಬಂದಿತ್ತು. ಅದಕ್ಕೆ ಮೊದಲೇ ಮಾತು ಮುಗಿಯಬೇಕೆಂದು ಬೋಗಾದಿಯವರು ಹೇಳಿದ್ದರು. ಮಾವ ನಿಂತಲ್ಲೇ ಮಜ್ಜಿಗೆ ಕುಡಿದರು. "ಬಂದ್ಮೇಲೆ ಕಾಲು ತೊಳ್ಕತೀನಿ, ನಡೀರಿ," ಎಂದರು. ಮೂವರೂ ಹೊರಟೆವು. ಅವರು ನನ್ನ ಪಕ್ಕ, ಅವಳು ಹಿಂದೆ.

ಕಾರು ಬೆಕ್ಕಿನ ಹಾಗೆ ಹೋಯಿತು. ಬೇಕೆಂದೇ ಒಂದು ತಿರುವಿನಲ್ಲಿ ಜೋರಾಗಿ ಸ್ಟೇರಿಂಗ್ ತಿರುಗಿಸಿದೆ, ಒಂದು ಕಿರ್ರಿಲ್ಲ. ಹೇಳಿಕೊಳ್ಳೋಣವೆಂದು ಬಾಯಿ ತೆರೆದವನು ಕನ್ನಡಿಯಲ್ಲಿ ಅವಳ ಮುಖ ನೋಡಿ ಮುಚ್ಚಿದೆ.

ಎಷ್ಟು ಮಡಚಿದರೂ ಕಲೆ ಪೂರ್ತಿ ಮರೆಯಾಗಿರಲಿಲ್ಲ. ಬೋಗಾದಿಯಲ್ಲಿ ಮಾವ ಗೋಡೆಗೆ ಬೆನ್ನು ಕೊಟ್ಟು ಕೂತವರು ಕೊನೆಯವರೆಗೂ ಏಳಲಿಲ್ಲ. ತೋಟ ನೋಡಿಬನ್ನಿ ಎಂದರೆ ಮಂಡಿನೋವು ಎಂದರು. ಅವರಿಗೆ ಮಂಡಿನೋವು ಇರಲಿಲ್ಲ. ಗಂಡಿನ ದೊಡ್ಡಪ್ಪ ಕಾರಿನ ಮಾತು ತೆಗೆದಾಗ, "ನಮ್ಮ ಅಳಿಯಂದಿರು ಬೋ ಚುರುಕು. ಇವತ್ತು ಅವ್ರೇ ಕೈಯಾರೆ ರಿಪೇರಿ ಮಾಡವ್ರೆ," ಎಂದರು. ಆಮೇಲೆ ಸ್ವಲ್ಪ ನಿಧಾನಿಸಿ, "ನಾನೂ ಒಸಿ ಜೊತೆಗಿದ್ದೆ," ಎಂದು ಸೇರಿಸಿದರು. ನಾನು ತಟ್ಟೆಯಲ್ಲಿದ್ದ ಕೋಡುಬಳೆಯನ್ನೇ ನೋಡುತ್ತ ಕೂತೆ.

ಸಂಬಂಧ ಕುದುರಿತು. ಹೊರಡುವಾಗ ಮಾವ ಎದ್ದು, ಕೈಮುಗಿದುಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಾಗಿಲು ದಾಟಿದರು. "ನೋಡ್ರಪ್ಪಾ, ಎಂಥ ವಿನಯ," ಎಂದರು ಗಂಡಿನ ಕಡೆಯವರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗಲ್ಲ.

ಹುಣಸೂರು ರಸ್ತೆಗೆ ಬಂದಾಗ, "ಇಲ್ಲೇ ಬುಡಿ, ಬಸ್ಸು ಬತ್ತದೆ," ಎಂದರು. ಊಟವಿಲ್ಲದೆ ಹೋಗುವುದೇ ಎಂದೆ. ಇಲವಾಲದವರೆಗೂ ಬಿಡುತ್ತೇನೆ ಎಂದೆ. "ಕತ್ತಲಾಯ್ತದೆ, ನಿಮಗ್ಯಾಕೆ ತೊಂದ್ರೆ," ಎಂದು ಇಳಿದೇಬಿಟ್ಟರು. ಇಳಿಯುವಾಗ ತಮ್ಮ ಕೆಳಗಿನಿಂದ ಏನನ್ನೋ ಎಳೆದುಕೊಂಡು ಕೊಡವಿದರು. ಅವರ ವಲ್ಲಿ. ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕೂತಿದ್ದರು, ನನ್ನ ಸೀಟಿಗೆ ಗ್ರೀಸು ತಾಗದಿರಲೆಂದು.

ಮನೆಗೆ ಬಂದಾಗ ಚೊಂಬು ಇಟ್ಟಲ್ಲೇ ಇತ್ತು. ನೀರಿನ ಮೇಲೆ ಬೇವಿನೆಲೆಯೊಂದು ಬಿದ್ದಿತ್ತು.

ಹೆಂಡತಿ ಎಲೆ ತೆಗೆದು ಬಿಸುಟಳು. "ಕೈ ಹಿಡೀರಿ, ತೊಳ್ಕೊಳ್ಳಿ," ಎಂದು ಆ ನೀರನ್ನು ನನ್ನ ಕೈಗೆ ಹುಯ್ದಳು. ಬರೀ ನೀರಿಗೆ ಗ್ರೀಸು ಹೋಗುವುದಿಲ್ಲ. ಚೊಂಬು ಬರಿದಾಗುವವರೆಗೂ ಉಜ್ಜುತ್ತಲೇ ಇದ್ದೆ.