ಕಾಂತಾಮಣಿ ಆಂಟಿಯ ವೆನಿಲ್ಲಾ ಪೋರ್ಟರ್

ಜರ್ಮನಿಯ ಹ್ಯಾನೋವರ್‌ಗೆ ಬಂದ ಮೊದಲ ಭಾನುವಾರ ನಾನು ಒಂದು ಬಟ್ಟಲು ಕಾಯಿಚಟ್ನಿ ಹಿಡಿದು ಕೆಳಗಿನ ಮನೆಯ ಬೆಲ್ ಒತ್ತಿದ್ದೆ. ಹಿಂದಿನ ದಿನ ಕೆಲ್ಲರ್‌ನಲ್ಲಿ, ಅಂದರೆ ಬಾಡಿಗೆದಾರರೆಲ್ಲ ಸಾಮಾನು ತುಂಬುವ ನೆಲಮಾಳಿಗೆಯಲ್ಲಿ, ಶಾಲು ಹೊದ್ದ ಬಕೆಟ್ಟೊಂದು ಕಂಡಿತ್ತು. ಒಳಗೆ ಗುಳುಗುಳು ಸದ್ದು, ಹುದುಗಿನ ವಾಸನೆ, ಮೇಲೆ ‘ಕಾಂತಾಮಣಿ’ ಎಂಬ ಚೀಟಿ. ದೋಸೆಹಿಟ್ಟು ಉಕ್ಕುತ್ತಿದೆ ಎಂದು ನನ್ನ ಹೊಟ್ಟೆ ತೀರ್ಮಾನಿಸಿತು. ಅಷ್ಟು ಹಿಟ್ಟನ್ನು ಒಬ್ಬರೇ ತಿಂದು ಮುಗಿಸಲಾರರು ಎಂದೂ ಸೇರಿಸಿತು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ, ಪಾಪ.

“ಅದು ಬಿಯರ್ ಕಣೋ,” ಎಂದರು ಆಂಟಿ. “ಬಂದಿದ್ದೀಯ, ಚಟ್ನಿ ಕೊಟ್ಟು ಹೋಗು.”

ಮೈಸೂರಿನ ಕಾಂತಾಮಣಿ ಆಂಟಿ ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಮಣ್ಣು ಪರೀಕ್ಷಿಸುತ್ತಲೇ ತಲೆ ನರೆಸಿಕೊಂಡವರು. ಬಿಯರ್ ಮಾಡಲು ಕಲಿಸಿದ್ದು ಎದುರುಮನೆಯ ಹೆಲ್ಮುಟ್, ಟ್ರಾಮ್ ಓಡಿಸಿ ನಿವೃತ್ತನಾದವನು. ಅವನಿಗೆ ಇಷ್ಟವೆಂದು ಆಂಟಿ ಪ್ರತಿ ಚಳಿಗಾಲ ಪೋರ್ಟರ್ ಎಂಬ ಕಪ್ಪನೆಯ, ಗಡಸು ಬಿಯರ್ ಮಾಡುತ್ತಿದ್ದರು. ಬೂರ್ಬನ್ ವಿಸ್ಕಿಯಲ್ಲಿ ನೆನೆಸಿದ ವೆನಿಲ್ಲಾ ಕೋಡುಗಳನ್ನು ಅದಕ್ಕೆ ಹಾಕುತ್ತಿದ್ದರು. ಹೆಲ್ಮುಟ್ ಕುಡಿಯುವ ಮೊದಲು ಕಣ್ಣು ಮುಚ್ಚಿ ಮೂಸುತ್ತಿದ್ದ. ವೆನಿಲ್ಲಾ, ಮರ, ಸೀದ ಬ್ರೆಡ್ಡು ಎಂದು ಒಂದೊಂದಾಗಿ ಹೆಸರು ಹೇಳುತ್ತಿದ್ದ. ಆಂಟಿಗೆ ಅದೇ ಹಬ್ಬ.

ಆಮೇಲೆ ಅವನಿಗೊಂದು ಜ್ವರ ಬಂತು. ಜ್ವರ ಹೋಯಿತು, ವಾಸನೆ ತಿಳಿಯುವ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಡಾಕ್ಟರುಗಳು ಕಾಯಿರಿ ಎಂದರು. ಆಂಟಿ ಕಾಯಲಿಲ್ಲ, ವೆನಿಲ್ಲಾ ಹೆಚ್ಚಿಸುತ್ತಾ ಹೋದರು, ಬೂರ್ಬನ್ನನ್ನೂ.

“ಆಂಟಿ, ಇದು ಬಿಯರಾ, ಐಸ್‌ಕ್ರೀಮಾ?”

“ಬಾಯಿ ಮುಚ್ಕೊಂಡು ಬಕೆಟ್ ಹಿಡ್ಕೋ.”

ಬಕೆಟ್ ಹಿಡಿಯುವ ಮೊದಲು ಗ್ಲೌಸ್ ಹಾಕಬೇಕು, ಅದರ ಮೇಲೆ ಸೀನಬಾರದು. ಕೊಳೆ ತಾಗಿದರೆ ಬಿಯರ್ ಕೆಟ್ಟಂತೆ. ಇಷ್ಟು ಕಟ್ಟುನಿಟ್ಟಿನ ಆಂಟಿ, ಹೆಲ್ಮುಟ್ ಮೆಟ್ಟಿಲ ಬಳಿ ಸಿಕ್ಕಿ “ಇನ್ನು ಸಾಕು ಕಾಂತಾ, ನನಗೆ ನಿನ್ನ ಬಿಯರೂ ಒಂದೇ, ನೀರೂ ಒಂದೇ” ಎಂದ ದಿನ ಸೀದಾ ಅಡುಗೆಮನೆಗೆ ಬಂದರು. ಕುದಿಸಿ ಆರಿಸಿದ ಬಾರ್ಲಿಯ ಕಪ್ಪು ರಸ ಬಕೆಟ್ಟಿನಲ್ಲಿತ್ತು, ಯೀಸ್ಟ್ ಹಾಕುವುದಷ್ಟೇ ಬಾಕಿ. ಆಂಟಿ ತೋಳು ಮಡಚಿ, ಉಪ್ಪು ಹಾಕಿದ ದೋಸೆಹಿಟ್ಟು ಕಲಸುವ ಹಾಗೆ, ಮೊಣಕೈವರೆಗೆ ಬರಿಗೈ ಇಳಿಸಿ ಗರಗರ ತಿರುಗಿಸತೊಡಗಿದರು.

“ಆಂಟಿ, ಕೈ!”

ಅದು ಯಾರದೋ ಕೈ ಎಂಬಂತೆ ನೋಡಿಕೊಂಡರು.

“ಚೆಲ್ಲಿಬಿಡೋಣ್ವಾ?”

“ಮತ್ತೆ ಮೊದಲಿಂದ ಮಾಡೋಕೆ ನನ್ನ ಕೈಲಾಗಲ್ಲ ಋಷಿ. ಇರಲಿ ಬಿಡು.”

ಕ್ರಿಸ್‌ಮಸ್ಸಿಗೆ ಹೆಲ್ಮುಟ್ ಮನೆಯಲ್ಲಿ ಆ ಬಿಯರಿನ ಬಾಟಲ್ ತೆರೆದಾಗ ನಾನು ಒಂದು ಗುಟುಕು ಕುಡಿದೆ. ಕಾಫಿ ಡಿಕಾಕ್ಷನ್ನಿಗೆ ಹಳೇ ಮಜ್ಜಿಗೆ ಸುರಿದ ಹಾಗಿತ್ತು. ಹೆಲ್ಮುಟ್ ಮರ್ಯಾದೆಗೆಂದು ಗ್ಲಾಸೆತ್ತಿದ. ಕುಡಿದು ಮುಖ ಕಿವಿಚಿದ.

“ಹುಳಿ!” ಎಂದ ಜರ್ಮನ್‌ನಲ್ಲಿ. ಮತ್ತೆ ಕುಡಿದ. “ಹುಳಿ, ಕಾಂತಾ! ಹುಳಿ!” ಮೇಜು ಕುಟ್ಟಿ ನಕ್ಕ. ನಾನೂ ಪೆದ್ದನಂತೆ ಚಪ್ಪಾಳೆ ತಟ್ಟಿದೆ.

ಆಂಟಿ ನಗಲಿಲ್ಲ. “ಹುಳಿ ನಾಲಿಗೇದು ಕಣೋ, ಮೂಗಿಂದಲ್ಲ,” ಎಂದರು ಮೆಲ್ಲಗೆ, ಅವನಿಗೆ ತಿಳಿಯದ ಕನ್ನಡದಲ್ಲಿ. “ನಿಂಬೆಹಣ್ಣು ನೆಕ್ಕಿದ್ರೂ ಇಷ್ಟೇ ಗೊತ್ತಾಗೋದು.”

ಹೆಲ್ಮುಟ್ ಅಷ್ಟರಲ್ಲಿ ಹಿಂದಿನಂತೆ ಕಣ್ಣು ಮುಚ್ಚಿ ಗ್ಲಾಸನ್ನು ಮೂಗಿಗೆ ಹಿಡಿದಿದ್ದ. ನಾವಿಬ್ಬರೂ ಕಾದೆವು. ಅವನು ಯಾವ ಹೆಸರನ್ನೂ ಹೇಳಲಿಲ್ಲ. ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

ಬಾಗಿಲಾಚೆ ಬಂದ ಮೇಲೆ, ಕೇಳಬಾರದಿತ್ತು, ಕೇಳಿದೆ. “ಆಂಟಿ, ಅವರಿಗೆ ವಾಸನೆ ಯಾವತ್ತಾದ್ರೂ ವಾಪಸ್ ಬರುತ್ತಾ?”

“ಬರಲ್ಲ,” ಎಂದರು ಆಂಟಿ. “ಬಾಟಲ್ ನೆಟ್ಟಗೆ ಹಿಡ್ಕೋ, ಸೋರ್ತಿದೆ.”