ಹೋದ ದಿನ ಬರೀರಿ ಅಂದಿದ್ದರು

ನನ್ನ ಅಕ್ಷರ ದುಂಡಗಿತ್ತು. ಅದರಿಂದ ಒಬ್ಬ ಹೆಂಗಸಿನ ಬಾಳು ಹಾಳಾಯಿತು ಎಂದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ಹೇಳುವವರು ಈಗ ಯಾರೂ ಉಳಿದಿಲ್ಲ.

ಐವತ್ತಾರರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆಗ ನಾನು ಸಿದ್ದಾಪುರ ತಾಲೂಕಿನಲ್ಲಿ, ಹೇರೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಕಿರಿಯ ಮಾಸ್ತರ. ಬನವಾಸಿ ಕಡೆಯವನು, ಕೊರಳಲ್ಲಿ ಲಿಂಗ ಕಟ್ಟಿದವನು, ವಯಸ್ಸು ಇಪ್ಪತ್ತಮೂರು. ಧ್ವಜ ಏರಿಸಿ ಮಕ್ಕಳಿಗೆ ಸಕ್ಕರೆ ಹಂಚಿದ ಮೇಲೆ ನಮ್ಮ ಹೆಡ್‌ಮಾಸ್ತರರು ಒಂದು ಹೊಸ ಕೆಲಸ ತೆಗೆದರು. ಶಾಲೆಯ ಮುಂದೆ ದಾರಿ ತಿರುಗುವಲ್ಲಿ ಒಂದು ಕರಿಹಲಗೆ ನಿಲ್ಲಿಸಬೇಕು. ಹಿಂದೆ ಅದೇ ತಾರೀಖಿನಂದು ನಮ್ಮ ಸೀಮೆಯಲ್ಲಿ ನಡೆದದ್ದನ್ನು ದಿನಕ್ಕೊಂದರಂತೆ ಬರೆಯಬೇಕು.

“ಇಷ್ಟು ವರ್ಷ ಮುಂಬೈ ಕಡೆ ಚರಿತ್ರೆ ಬಾಯಿಪಾಠ ಮಾಡಿಸಿದ್ದಾಯ್ತು. ಇನ್ನು ನಮ್ಮದು ನಾವೇ ಬರೆಯುವಾ. ನಿಮ್ಮ ಅಕ್ಷರ ಚಂದ, ನೀವೇ ಬರೀರಿ,” ಅಂದರು.

ಕೆಲಸ ಹೇಳಿದಷ್ಟು ಸುಲಭವಿರಲಿಲ್ಲ. ಊರಿನ ಹಿರಿಯರಿಗೆ ಎಲ್ಲ ನೆನಪಿತ್ತು, ತಾರೀಖು ಮಾತ್ರ ಇರಲಿಲ್ಲ. ಕರ ಕೊಡದೆ ಜೈಲಿಗೆ ಹೋದದ್ದು ಇಂಥ ಏಕಾದಶಿಯ ದಿನ, ಜಪ್ತಿ ಮಾಡಿದ ಪಾತ್ರೆಗಳನ್ನು ಹರಾಜಿಗಿಟ್ಟಾಗ ಒಬ್ಬನೂ ಸವಾಲು ಕೂಗದೆ ಎದ್ದುಹೋದದ್ದು ಇಂಥ ಹಬ್ಬದ ಮಾರನೇ ದಿನ, ಹೀಗೆ. ನಾನು ಹಳೇ ಪಂಚಾಂಗಗಳನ್ನು ಹರಡಿಕೊಂಡು ತಿಥಿಯಿಂದ ತಾರೀಖು ತೆಗೆಯುತ್ತಿದ್ದೆ. ಆಚೀಚೆ ಊರಿನವರೂ ಬಂದು ಓದತೊಡಗಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಬರೀ ಸೀಮೆಸುಣ್ಣ, ಸೊಕ್ಕು ಮಾತ್ರ ಅಷ್ಟೇ ಬಂತು.

ಆ ಪಂಚಾಂಗಗಳು ನಾನಿದ್ದ ಮನೆಯವು. ಜಗಲಿಗೆ ಹೊಂದಿದ ಒಂದು ಕೋಣೆ ನನಗೆ ಕೊಟ್ಟಿದ್ದರು, ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೆ. ಮನೆಯ ಯಜಮಾನರು ಐವತ್ತು ದಾಟಿದವರು, ಆಚಾರದಲ್ಲಿ ಬಲು ಗಟ್ಟಿ. ಅವರ ತಮ್ಮನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೂವತ್ತೈದರ ಆಸುಪಾಸಿನ ಹೆಂಗಸು. ದಿನಾ ಮಧ್ಯಾಹ್ನ ಒಂದು ತಂಬಿಗೆ ಮಜ್ಜಿಗೆ ನನ್ನ ಬಾಗಿಲಲ್ಲಿ ಇಟ್ಟು, “ಮಾಸ್ತರೇ, ಇವತ್ತು ಅನ್ನ ಸೀದ್ಹೋತಾ, ಇಲ್ಯಾ?” ಎಂದು ನಗಾಡಿ ಹೋಗುತ್ತಿದ್ದರು.

ಅವರ ಗಂಡ ನಲವತ್ತೆರಡರ ಚಳವಳಿಯಲ್ಲಿ ಕಟ್ಟಿಗೆ ಡಿಪೋ ಸುಟ್ಟವರ ಜೊತೆಗಿದ್ದವರು. ಪೊಲೀಸರು ಹುಡುಕಿ ಬಂದಾಗ ಮಹಾನವಮಿಯ ಮಾರನೇ ದಿನ ಯಲ್ಲಾಪುರದ ಕಾಡಿನ ಕಡೆಗೆ ಹೋದವರು, ಮತ್ತೆ ಸುದ್ದಿಯಿಲ್ಲ. ಸ್ವಾತಂತ್ರ್ಯ ಬಂತು, ಜೈಲಿನವರೆಲ್ಲ ಬಂದರು, ಅವರು ಬರಲಿಲ್ಲ. ಹನ್ನೆರಡು ವರ್ಷ ಪತ್ತೆಯಿಲ್ಲದವರಿಗೆ ದರ್ಭೆಯ ಆಕೃತಿ ಮಾಡಿ ಸುಟ್ಟು ಕ್ರಿಯೆ ಮುಗಿಸುವ ಪದ್ಧತಿ ಆ ಮನೆತನಗಳಲ್ಲಿ ಇತ್ತು. ಹನ್ನೆರಡು ಕಳೆದು ಹದಿನಾಲ್ಕಾಗಿತ್ತು. ಅಷ್ಟು ಗಟ್ಟಿ ಯಜಮಾನರು ಆ ಮಾತನ್ನು ಮಾತ್ರ ಎತ್ತಿರಲಿಲ್ಲ. “ಸತ್ತ” ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ಅಕ್ಕನ ಹಣೆಯಲ್ಲಿ ಕುಂಕುಮವಿತ್ತು, ಕೊರಳಲ್ಲಿ ಕರಿಮಣಿಯಿತ್ತು, ತಲೆಯಲ್ಲಿ ಮೊಣಕಾಲು ಮುಟ್ಟುವ ಜಡೆಯಿತ್ತು. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ. ಅರ್ಥ ಮಾತ್ರ ಮಾಡಿಕೊಂಡಿರಲಿಲ್ಲ. ನಮ್ಮ ಮನೆತನಗಳಲ್ಲಿ ಸೂತಕವೂ ಇಲ್ಲ, ತಲೆ ಬೋಳಿಸುವುದೂ ಇಲ್ಲ.

ಒಂದು ದಿನ ಮಜ್ಜಿಗೆ ಇಟ್ಟವರು ಅಲ್ಲೇ ನಿಂತರು.

“ಮಾಸ್ತರೇ, ಯಂಗೊಂದು ಉಪಕಾರ ಮಾಡವು. ಎಂಗ್ಳ ಮನೆಯವು ಹೋದ ದಿನ ಆ ಹಲಗೆ ಮೇಲೆ ಬರೀರಿ. ಬಪ್ದು ದೇವ್ರ ಕೈಲಿದ್ದು. ಹೋಗಿದ್ದಂತೂ ಖರೆ ಅಲ್ದಾ?”

“ಬರೀತೇನ್ರಿ ಅಕ್ಕಾ, ದೊಡ್ಡ ಅಕ್ಷರದಾಗ ಬರೀತೇನಿ,” ಅಂದೆ. ಗಂಡನ ಗುರುತು ಕೇಳಿದೆ. ಸಣ್ಣಂದಿನಲ್ಲಿ ಕತ್ತಿ ತಾಗಿ ಎಡಗೈಯ ಕಿರುಬೆರಳ ತುದಿ ಹೋಗಿತ್ತು ಎಂದರು.

ಮರು ವರ್ಷದ ಚುನಾವಣೆಯ ಕೆಲಸಕ್ಕೆ ನನ್ನನ್ನು ಯಲ್ಲಾಪುರ ತಾಲೂಕಿಗೆ ಹಾಕಿದರು, ಅರಬೈಲಿಗೆ. ಘಟ್ಟದ ಮೇಲೆ ಚಹಾ ಅಂಗಡಿಯ ಮುದುಕ ಮೊದಲು ಗಾಡಿ ಹೊಡೆಯುತ್ತಿದ್ದವನು. ಮಾತಿಗೆ ಮಾತು ಬಂದು ಹೇಳಿದ: ಚಳವಳಿಯ ವರ್ಷ ದೀಪಾವಳಿ ಪಾಡ್ಯದ ದಿನ ಗಾಡಿಗಳು ತಂಗುವ ಜಾಗದಲ್ಲಿ ಜ್ವರ ಬಂದು ಒಬ್ಬ ಜನಿವಾರದವನು ಸತ್ತ, ನಾವೇ ಮಣ್ಣು ಮಾಡಿದೆವು, ಹೆಸರು ಗೊತ್ತಿಲ್ಲ.

“ಎಡಗೈ ಕಿರುಬೆರಳು ತುಂಡಿತ್ತೇನ್ರಿ?” ಎಂದೆ.

ಮುದುಕ ಲೋಟ ತೊಳೆಯುತ್ತಿದ್ದ. “ಹೌದು, ಇದ್ದಿರಬೇಕು,” ಎಂದ.

“ಸಿದ್ದಾಪುರದ ಕಡೆಯವ್ರೇನು?”

“ಹೌದು, ಹಾಗೇ ಎಂತದೋ ಹೇಳಿದ್ದ.”

ಮಕ್ಕಳ ಬಾಯಿಗೆ ಉತ್ತರ ಇಟ್ಟು ಹೌದು ಅನ್ನಿಸುವುದು ನಮ್ಮ ಮಾಸ್ತರಕಿಯ ಚಟ. ಇನ್‌ಸ್ಪೆಕ್ಟರ್ ಬಂದ ದಿನ ಅದರಿಂದಲೇ ಮಾನ ಉಳಿಯುತ್ತದೆ. ಅದೇ ಚಟ ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೆ.

ಊರಿಗೆ ಬಂದವನು ಆ ಹೊತ್ತೇ ಹೇಳಬೇಕಿತ್ತು, ಯಜಮಾನರನ್ನು ಒಬ್ಬರನ್ನೇ ಕರೆದು. ಹೇಳಲಿಲ್ಲ. ಪಂಚಾಂಗ ತೆಗೆದು ನೋಡಿದರೆ ಆ ವರ್ಷದ ಪಾಡ್ಯ ನವೆಂಬರಿನಲ್ಲಿ ಬಿದ್ದಿತ್ತು. ರಾಜ್ಯ ಸೇರಿ ಒಂದು ವರ್ಷ ತುಂಬುವ ತಿಂಗಳು! ಅಂಥ ಸಂಗತಿಯನ್ನು ಅದರ ದಿನವೇ ಬರೆಯಬೇಕು ಎಂದು ಎಂಟು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡೆ. ಅಕ್ಕನ ಮಜ್ಜಿಗೆ ಕುಡಿಯುತ್ತಲೇ ಇಟ್ಟುಕೊಂಡೆ, ಹುಚ್ಚು ಮುಂಡೇಗಂಡ. ಅಕ್ಟೋಬರಿನಲ್ಲಿ ಗಂಡ ಹೋದ ದಿನ ಬಂದು ಹೋಯಿತು.

“ಬರದ್ರಿಲ್ಲೆ ಅಲ್ದಾ?” ಎಂದರು ಅಕ್ಕ.

“ಮುಂದಿನ ತಿಂಗಳ ತನಕ ತಡೀರಿ. ಇದಕ್ಕಿಂತ ದೊಡ್ಡದು ಬರೀತೇನಿ.”

ಅವರ ಮುಖ ಅರಳಿತು. ಆ ವರ್ಷದ ದೀಪಾವಳಿಗೆ ಅವರು ತಲೆ ತುಂಬ ಹೂವು ಮುಡಿದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನವೆಂಬರಿನ ಆ ಬೆಳಿಗ್ಗೆ ಬಣ್ಣದ ಸೀಮೆಸುಣ್ಣದಲ್ಲಿ ಅಂಚು ಎಳೆದು ಬರೆದೆ: ಈ ದಿನ ನಮ್ಮೂರಿನ ವೀರರು ಅರಬೈಲು ಘಟ್ಟದಲ್ಲಿ ಹುತಾತ್ಮರಾದರು. ಮೇಲೆ ಅವರ ಹೆಸರು, ಕೆಳಗೆ ಒಂದು ದೀಪದ ಚಿತ್ರ. ಮಗ್ಗುಲಲ್ಲಿ ನಿಂತು ಜನರ ಮುಖ ನೋಡುತ್ತಿದ್ದೆ, ಶಹಬ್ಬಾಸ್ ಅನ್ನುತ್ತಾರೆ ಎಂದು. ಮೊದಲು ಬಂದವರು ಆ ಮನೆಯ ದಾಯಾದಿಗಳಲ್ಲಿ ಒಬ್ಬರು. ಓದಿದರು. ಕೈಲಿದ್ದ ಕೊಡೆಯನ್ನು ಹಲಗೆಗೆ ಒರಗಿಸಿ, ಇಳಿದುಹೋಗಿ ಉಟ್ಟ ಬಟ್ಟೆಯಲ್ಲೇ ಹೊಳೆಯಲ್ಲಿ ಮುಳುಗಿದರು. ಹಿಂದೆ ಬಂದವರೂ ಹಾಗೇ. ಒಬ್ಬೊಬ್ಬರಾಗಿ ಓದುವುದು, ಹೊಳೆಗೆ ಇಳಿಯುವುದು. ಇವರಿಗೇನು ಬಂತಪ್ಪಾ ಎಂದು ನಾನು ನಗುತ್ತಿದ್ದೆ, ಶಿವನೇ!

ಹೆಡ್‌ಮಾಸ್ತರರು ಓಡುತ್ತ ಬಂದರು. “ಏನ್ರೀ ಮಾಡಿಬಿಟ್ರಿ? ಸಾವಿನ ಸುದ್ದಿ ಕಿವಿಗೆ ಬಿದ್ರೆ ದಾಯಾದಿಗಳು ಮೀಯಲೇಬೇಕು. ಮಿಂದ್ರು ಅಂದ್ರೆ ಸತ್ತದ್ದನ್ನ ಒಪ್ಪಿಕೊಂಡ್ರು ಅಂತ! ಆ ಹೆಂಗಸಿನ ಗತಿ ಏನು?”

ಅಂಗಿಯ ತೋಳಿನಿಂದಲೇ ಹಲಗೆ ಒರೆಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದದ್ದೂ ಅಷ್ಟೇ.

ಮನೆಗೆ ಓಡಿದೆ. ಯಜಮಾನರು ಮಾತ್ರ ಇನ್ನೂ ಮಿಂದಿರಲಿಲ್ಲ. ಒಣ ಪಂಚೆಯಲ್ಲಿ ಜಗಲಿಯ ತುದಿಗೆ ಕೂತಿದ್ದರು. ಒಳಬಾಗಿಲ ಹತ್ತಿರ ಅಕ್ಕ ನಿಂತಿದ್ದರು, ಕೈ ಕರಿಮಣಿಯ ಮೇಲಿತ್ತು.

“ಮಾಸ್ತರೇ, ನೀವು ಬರದ್ದು ಖರೆಯಾ, ಸುಳ್ಳಾ?” ಎಂದರು ಯಜಮಾನರು. “ಸುಳ್ಳು ಅಂತ ಒಂದು ಮಾತು ಹೇಳಿಬಿಡಿ. ಆನು ಇಲ್ಲಿಂದ್ಲೇ ಎದ್ದು ಊಟಕ್ಕೆ ಹೋಗ್ತೆ.”

ಅವರು ಬೇಡುತ್ತಿದ್ದರು. ಸುಳ್ಳು ಎಂದು ಒಂದು ಮಾತು ನನ್ನ ಬಾಯಿಂದ ಬಿದ್ದಿದ್ದರೆ ಸಾಕಿತ್ತು. ಹೊಳೆಗೆ ಇಳಿದವರೆಲ್ಲ ನನ್ನನ್ನು ಬೈದು ಮನೆಗೆ ಹೋಗುತ್ತಿದ್ದರು. ಆದರೆ ವರ್ಷಪೂರ್ತಿ ಬರೆದ ನನ್ನ ಹಲಗೆ? ನಾಳೆಯಿಂದ ಯಾರು ಓದುತ್ತಾರೆ, ಸುಳ್ಳು ಮಾಸ್ತರ ಅನ್ನುವುದಿಲ್ಲವೇ?

“ಖರೇನ ಐತ್ರಿ,” ಅಂದೆ. “ನಾ ಸುಳ್ಳ ಬರಿಯಂಗಿಲ್ಲ.”

ಯಜಮಾನರು ಹೆಗಲ ಮೇಲಿನ ಪಂಚೆಯಿಂದ ಮುಖ ಮುಚ್ಚಿಕೊಂಡು ತಮ್ಮನ ಹೆಸರು ಹಿಡಿದು ಅತ್ತರು. ಆಮೇಲೆ ಎದ್ದು ಹೊಳೆಗೆ ಹೋದರು. ಅಕ್ಕ ಅಳಲಿಲ್ಲ. “ಹೋದ ದಿನ ಬರೀರಿ ಅಂದಿದ್ದೆ ಆನು, ಮಾಸ್ತರೇ,” ಅಂದರು. “ಸತ್ತ ದಿನ ಕೇಳಿದ್ನಿಲ್ಲೆ.”

ದರ್ಭೆಯ ಆಕೃತಿ ಸುಟ್ಟರು. ಹೊರಗೆಲ್ಲ ತಲೆ ಬೋಳಿಸುವ ಪದ್ಧತಿ ಆಗಲೇ ಸಡಿಲಾಗುತ್ತಿತ್ತು, ಆದರೆ ಆ ಮನೆಯಲ್ಲಿ ಸಡಿಲಾಗಿರಲಿಲ್ಲ. ಹತ್ತನೇ ದಿನ ಕ್ಷೌರದವನನ್ನು ಕರೆಸಿದರು. ನಾನು ಆ ವಾರವೇ ಕೋಣೆ ಬಿಟ್ಟಿದ್ದೆ. ಆಮೇಲೆ ಅವರನ್ನು ಕಂಡದ್ದು ಒಮ್ಮೆ ಮಾತ್ರ, ದೂರದಿಂದ, ಕೆಂಪು ಸೀರೆಯ ಸೆರಗು ಹಣೆಯವರೆಗೆ ಎಳೆದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು. ಹಲಗೆ ಬರೆಯುವುದಿಲ್ಲ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಅವರೂ ಒತ್ತಾಯಿಸಲಿಲ್ಲ.

ಅರವತ್ತೆರಡರ ಚುನಾವಣೆಯ ಹೊತ್ತಿಗೆ ನನಗೆ ಯಲ್ಲಾಪುರಕ್ಕೇ ವರ್ಗವಾಗಿತ್ತು. ಮತ್ತೆ ಅರಬೈಲು. ಮುದುಕ ಇನ್ನೂ ಚಹಾ ಕಾಸುತ್ತಿದ್ದ. ಈ ಸಲ ನಾನು ಏನನ್ನೂ ಬಾಯಿಗೆ ಇಡಲಿಲ್ಲ. “ಜ್ವರದಲ್ಲಿ ಸತ್ತವನು ಹೇಗಿದ್ದ, ಹೇಳ್ರಿ,” ಎಂದು ಸುಮ್ಮನೆ ಕೂತೆ.

“ಅಂಕೋಲೆ ಬದಿಯವ ಮಾರಾಯ್ರೆ. ವಯಸ್ಸಾದವ, ಹಲ್ಲೆಲ್ಲ ಬಿದ್ದಿತ್ತು.”

“ಬೆರಳು?”

“ಬೆರಳಿಗೆ ಏನಾಗಿತ್ತು? ಹತ್ತೂ ನೆಟ್ಟಗೇ ಇದ್ವು. ತುಂಡಾಗಿತ್ತು ಅಂತ ಆವತ್ತು ನೀವೇ ಹೇಳಿದ್ದಲ್ವೋ?”

ಹಲ್ಲಿಲ್ಲದ ಮುದುಕ! ಅಕ್ಕನ ಗಂಡ ಮನೆ ಬಿಟ್ಟಾಗ ಮೂವತ್ತು ತುಂಬಿರಲಿಲ್ಲ.

ಮರುದಿನವೇ ಸಿರ್ಸಿಗೆ ಹೋಗಿ ಸಿದ್ದಾಪುರದ ಬಸ್ಸು ಹಿಡಿದೆ. ಅಕ್ಕ ಕೊಟ್ಟಿಗೆಯ ಮುಂದೆ ಸೆಗಣಿ ತಟ್ಟುತ್ತಿದ್ದರು. ನಲವತ್ತರ ಹೆಂಗಸು ಅರವತ್ತರವಳಂತೆ ಕಂಡರು. ನಾನು ನಿಂತಲ್ಲೇ ಎಲ್ಲ ಹೇಳಿದೆ, ಅದು ಬೇರೆ ಯಾರೋ, ನಿಮ್ಮವರು ಸತ್ತದ್ದಕ್ಕೆ ಸಾಕ್ಷಿಯೇ ಇಲ್ಲ, ತಪ್ಪಾಯಿತು, ಯಜಮಾನರ ಕಾಲು ಹಿಡಿದು ಹೇಳುತ್ತೇನೆ, ಊರ ಮುಂದೆ ಹೇಳುತ್ತೇನೆ ಎಂದು. ಬೇಕಾದರೆ ಅದೇ ಹಲಗೆಯ ಮೇಲೆ ಬರೆಯುತ್ತೇನೆ ಎಂದೂ ಅಂದೆ.

ಅವರು ಸೆಗಣಿ ಕೈಯನ್ನು ಹಾಗೇ ಹಿಡಿದುಕೊಂಡು ದಾರಿಯ ಕಡೆ ನೋಡಿದರು. ಆಮೇಲೆ ಗಾಬರಿಯಾದವರಂತೆ ಮೊಣಕೈಯಿಂದಲೇ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

“ಯಾರತ್ರೂ ಹೇಳಡಿ ಮಾಸ್ತರೇ, ನಿಮ್ಮ ದಮ್ಮಯ್ಯ,” ಅಂದರು. “ಎಂಗ್ಳ ಮನೆಯವು ಎಲ್ಲಾದ್ರೂ ಬದುಕಿದ್ರೆ ಈ ದಾರಿಗೆ ಬಪ್ದೇ ಬ್ಯಾಡ. ಯನ್ನ ಈ ತಲೆ ಅವು ನೋಡದು ಬ್ಯಾಡ.”