ನೀರಿಗೆ ಜಾಗವಿಲ್ಲದ ಸೈಕಲ್

ಇಂದು, ಭಾನುವಾರ, ನಾನು ಮಾಡಿದ ಕೆಲಸಗಳು ಇಷ್ಟು. ನಳ ಬಂದಾಗ ಡ್ರಮ್ಮು ತುಂಬಿಸಿದೆ. ಅವ್ವ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುವ ಹೊತ್ತಿಗೆ ಫ್ಯಾನು ನಿಲ್ಲಿಸಿ, ಅವಳು ಕಣ್ಣು ಮುಚ್ಚಿದ ಮೇಲೆ ಮೆಲ್ಲಗೆ ಮತ್ತೆ ಹಾಕಿದೆ. ಅವಳ ಕನ್ನಡಕದ ಸಡಿಲಾದ ಸ್ಕ್ರೂ ಬಿಗಿದೆ. ದೊಡ್ಡ ಸ್ಕ್ರೂಡ್ರೈವರಿನಿಂದ ಸೈಕಲ್ಲಿನ ಎರಡು ಕ್ಲಿಪ್ಪು ಬಿಗಿದೆ. ಒಂದು ಹಳ್ಳಿಗೆ ಸೈಕಲ್ ತುಳಿದುಕೊಂಡು ಹೋಗಿ ಬಂದೆ. ಬರುವಾಗ ಪುಂಡಿಪಲ್ಯೆಯ ಸೊಪ್ಪು ತಂದೆ. ಬಾಟಲಿಯಲ್ಲಿ ಒಯ್ದಿದ್ದ ನೀರನ್ನು ಒಂದು ಗುಟುಕೂ ಕುಡಿಯದೆ ಹಾಗೆಯೇ ವಾಪಸು ತಂದೆ. ಕೊನೆಯದು ಕೆಲಸವಲ್ಲ, ಕೆಲಸಗೇಡಿತನ ಎಂದು ನನ್ನ ಹೆಂಡತಿ ಸುಜಾತಾಳ ಅಭಿಪ್ರಾಯ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಆದ್ದರಿಂದ ಅವಳ ಅಭಿಪ್ರಾಯದ ಕೆಳಗೆ ಎರಡು ಗೆರೆ ಎಳೆದಿರುತ್ತದೆ.

ಇದನ್ನು ಮೊದಲಿನಿಂದ ಹೇಳಬೇಕು.

ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಪಡಸಾಲೆಯಲ್ಲಿ ಅಪ್ಪನ ಸೈಕಲ್ ಇದೆ. ಅಪ್ಪ ಸರಕಾರದ ಮಲೇರಿಯಾ ಕೆಲಸದಲ್ಲಿದ್ದರು. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳನ್ನು ಈ ಸೈಕಲ್ಲಿನ ಮೇಲೆ ತಿರುಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ತರುವುದು ಅವರ ಕೆಲಸ. ಸೈಕಲ್ ಕಪ್ಪಗೆ, ಎತ್ತರಕ್ಕೆ, ನಿಂತರೆ ಎಮ್ಮೆ ನಿಂತ ಹಾಗೆ ನಿಲ್ಲುತ್ತದೆ. ಎಬ್ಬಿಸಿ ಹೊರಡಿಸುವುದಕ್ಕೂ ಎಮ್ಮೆಗೆ ಬೇಕಾದಷ್ಟೇ ಸಮಾಧಾನ ಬೇಕು. ಅಪ್ಪ ಹೋದ ಮೇಲೆ ಅದು ಬಹಳ ವರ್ಷ ಗೋಡೆಗೊರಗಿ ಸಿಮೆಂಟಿನ ಧೂಳು ಹೊದ್ದುಕೊಂಡಿತ್ತು. ನನಗೆ ಐವತ್ತು ದಾಟಿ, ಹೊಟ್ಟೆ ನನಗಿಂತ ಮೊದಲು ಆಫೀಸು ಸೇರತೊಡಗಿದಾಗ, ಸೈಕಲ್ಲಿಗೆ ಎಣ್ಣೆ ಬಿಟ್ಟು ತುಳಿಯಲು ಶುರುಮಾಡಿದೆ.

ಶಹಾಬಾದಿನ ಕಲ್ಲನ್ನು ಮನೆತುಂಬ ಹಾಸಿಕೊಂಡು, ಸುತ್ತಮುತ್ತ ಕಲ್ಲಿನ ಗಣಿಗಳನ್ನು ನೋಡುತ್ತ ಬದುಕಿದವರಿಗೆ ಕಲ್ಲು ಹೊಸದಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಕಡಲೆಬೇಳೆಯಷ್ಟು ಗಾತ್ರದ ಒಂದು ಕಲ್ಲು ನನ್ನ ಕಿಡ್ನಿಯೊಳಗೆ ಮನೆ ಮಾಡಿತು. ಆ ನೋವಿನ ಬಗ್ಗೆ ನಾನು ಬರೆಯುವುದಿಲ್ಲ. ಕ್ವಾರ್ಟರ್ಸಿನ ಅಕ್ಕಪಕ್ಕದವರು ಕೇಳಿಸಿಕೊಂಡಿದ್ದಾರೆ, ಅಷ್ಟು ಸಾಕು. ಕಲ್ಲು ಹೋಯಿತು. ನೀರು ಕುಡಿಯದಿದ್ದರೆ ಮತ್ತೆ ಬರುತ್ತದೆ ಎಂದರು ಡಾಕ್ಟರು. ಅವರು ಅದನ್ನು ನನ್ನ ಕಡೆ ನೋಡಿ ಹೇಳಲಿಲ್ಲ, ಸುಜಾತಾಳ ಕಡೆ ನೋಡಿ ಹೇಳಿದರು. ಡಾಕ್ಟರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದವಳು ಅವಳು. ನಾನು ಒಣ ತುಟಿಯಲ್ಲಿ ಸೈಕಲ್ ಇಳಿದು ಒಳಗೆ ಬಂದರೆ ಅವಳ ಮುಖ ಅಂದಿನ ಹಾಗೆಯೇ ಆಗುತ್ತಿತ್ತು. ಒಂದು ದಿನ ತೀರ್ಪು ಬಂತು. "ನೋಡ್ರಿ, ಸೈಕಲ್ ಮ್ಯಾಲ ನೀರು ಇರಬೇಕು, ಕಣ್ಣಿಗಿ ಕಾಣಂಗ. ಹೋಗಿ ಬರೋದರಾಗ ಬಾಟ್ಲಿ ಖಾಲಿ ಆಗಿರಬೇಕು. ಇಲ್ಲಂದ್ರ ಸೈಕಲ್ ಗುಜರಿಯವನಿಗಿ." ನಮ್ಮ ಓಣಿಗೆ ಗುಜರಿಯವನು ಭಾನುವಾರ ಮಧ್ಯಾಹ್ನ ಕೂಗುತ್ತ ಬರುತ್ತಾನೆ. ಅಂದಿನಿಂದ ಅವನ ಕೂಗು ಕೇಳಿದರೆ ನನಗೆ ಸೊಂಟದ ಹತ್ತಿರ ಸಣ್ಣಗೆ ನೋವು ಬರತೊಡಗಿತು.

ಹೆಗಲಿಗೆ ಚೀಲ ಹಾಕಿಕೊಳ್ಳಬಹುದಿತ್ತು. ಆದರೆ ಬೆನ್ನ ಹಿಂದಿರುವ ವಸ್ತು ಇದೆ ಎನ್ನುವುದೇ ನನಗೆ ಮರೆತುಹೋಗುತ್ತದೆ. ಕ್ಯಾರಿಯರಿಗೆ ಕಟ್ಟಿದರೆ ಬಾಟಲಿ ಮೊದಲ ತಗ್ಗಿಗೇ ಜಿಗಿದು, ಲಾರಿಯ ಗಾಲಿಯ ಕೆಳಗೆ ಹೋಗಿ ಚಪಾತಿಯಾಗುತ್ತದೆ. ಹೀಗಾಗಿ ಕಲಬುರಗಿಯಿಂದ ತಂತಿಯ ಬಾಟಲಿ ಸ್ಟ್ಯಾಂಡೊಂದನ್ನು ತರಿಸಿದೆ. ಅದರ ಜೊತೆ ಎರಡು ಸಣ್ಣ ಸ್ಕ್ರೂ ಬಂದವು. ಈಗಿನ ಸೈಕಲ್ಲುಗಳ ಚೌಕಟ್ಟಿನ ದಂಡಿಗಳಲ್ಲಿ ಆ ಸ್ಕ್ರೂಗಳಿಗೆಂದೇ ಎರಡು ತೂತು ಇರುತ್ತವಂತೆ. ಅಪ್ಪನ ಸೈಕಲ್ಲಿನ ಮೈಯನ್ನೆಲ್ಲ ಬೆರಳಿನಿಂದ ಸವರಿ ನೋಡಿದೆ. ತೂತು ಇರಲಿಲ್ಲ.

ಹಳೆಯ ಸೈಕಲ್ ಮಾಡಿದವರ ಬಗ್ಗೆ ನಾನು ಆಗ ಬಹಳ ಯೋಚಿಸಿದೆ. ಅವರಿಗೆ ಎಲ್ಲದರ ನೆನಪೂ ಇತ್ತು. ಗಂಟೆಗೆ ಜಾಗ, ದೀಪಕ್ಕೆ ಕೊಕ್ಕೆ, ಜೋಳದ ಚೀಲವನ್ನೋ ಹೆಂಡತಿಯನ್ನೋ ಕೂರಿಸಲು ಕ್ಯಾರಿಯರು, ಸೀರೆ ಸಿಕ್ಕದಂತೆ ಗಾಲಿಗೆ ಜಾಲರಿ. ಅಷ್ಟೇಕೆ, ಗಾಳಿ ಹಾಕುವ ಪಂಪು ಸಿಕ್ಕಿಸಲು ದಂಡಿಯ ಮೇಲೆ ಎರಡು ಸಣ್ಣ ಮೊಳೆಗಳನ್ನೂ ಬೆಸೆದಿದ್ದರು. ಗಾಳಿಗೆ ಇಷ್ಟು ಮುತುವರ್ಜಿ ವಹಿಸಿದವರು ನೀರನ್ನು ಮರೆತರೇ? ಮರೆತಿಲ್ಲ ಎಂದು ನನಗೆ ಹೊಳೆಯಿತು. ದಾರಿಯಲ್ಲಿ ಪಂಪು ಯಾರೂ ಕೊಡುವುದಿಲ್ಲ, ನೀರನ್ನಾದರೆ ಯಾರ ಬಾಗಿಲಿಗೆ ಹೋಗಿ ಕೇಳಿದರೂ ಕೊಡುತ್ತಾರೆ, ಇದು ಅವರ ಲೆಕ್ಕ. ಬಾಟಲಿಗೆ ಜಾಗ ಬಿಡದೇ ಇರುವುದು ಮನುಷ್ಯರ ಮೇಲೆ ಇಟ್ಟ ಭರವಸೆ. ಈ ಸಂಶೋಧನೆಯಿಂದ ನನಗೇ ಕಣ್ಣು ತುಂಬಿ ಬಂದು, ಅವ್ವನ ಮುಂದೆ ಸಣ್ಣ ಭಾಷಣ ಮಾಡಿದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. "ಸೈಕಲ್ ಮಾಡಿದಾಂವ ನಮ್ಮ ಕಡಿ ಬಂದಿಲ್ಲ ಬಿಡು" ಎಂದಳು. ನಮ್ಮ ಕಡೆಯ ಬಿಸಿಲಿನ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ಸೈಕಲ್ ಅಂಗಡಿಯ ಚಾಂದ್‌ಪಾಶಾ ಡ್ರಿಲ್ ಮಷಿನ್ ಹಿಡಿದು ಮನೆಗೇ ಬಂದ. ಎರಡು ತೂತು, ಎರಡು ನಟ್ಟು, ಒಂದು ಚಹಾದ ಹೊತ್ತಿನ ಕೆಲಸ ಎಂದ. ಬೇಡವೆಂದರೆ ಬೆಸುಗೆ ಹಾಕಿಸುತ್ತೇನೆ, ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದ. ಅಷ್ಟರಲ್ಲಿ ಅವ್ವ ಹೊರಗೆ ಬಂದು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ನಿಂತಳು.

"ಇಷ್ಟು ವರ್ಷ ತೂತಿಲ್ಲದೇ ನಡದದ. ಇವನ ಬಾಯಾರಿಕಿಗಿ ಅದರ ಹೊಟ್ಟಿಗಿ ಯಾಕ ತೂತು?"

ಚಾಂದ್‌ಪಾಶಾ ಚಹಾ ಕುಡಿದು ಹೋದ. ನೀರಿಲ್ಲದೆ ಸೈಕಲ್ಲಿಲ್ಲ ಎಂದು ಹೆಂಡತಿ, ತೂತು ಹೊಡೆದರೆ ತಾನಿಲ್ಲ ಎಂಬಂತೆ ತಾಯಿ. ಸೊಸೆಯೂ ಅತ್ತೆಯೂ ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ನನ್ನನ್ನು ಎರಡೂ ಕಡೆಯಿಂದ ಸ್ಕ್ರೂ ಬಿಗಿದ ಹಾಗೆ ಬಿಗಿದರು.

ಮೊದಲು ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸ್ಟ್ಯಾಂಡನ್ನು ಸೀಟಿನ ಕೆಳಗಿನ ದಂಡಿಗೆ ಸುತ್ತಿ ಕಟ್ಟಿದೆ. ಬೆಳಿಗ್ಗೆ ಗಟ್ಟಿಯಾಗಿಯೇ ಇತ್ತು. ವಾಡಿಯ ಬಿಸಿಲು ಏರಿದ ಹಾಗೆ ರಬ್ಬರು ಮೆತ್ತಗಾಗಿ, ಸ್ಟ್ಯಾಂಡು ದಂಡಿಯನ್ನು ಸುತ್ತಿ ಹಿಂದಕ್ಕೆ ಹೋಗಿ ಮುಖ ತಿರುಗಿಸಿಕೊಂಡಿತು. ನನ್ನ ಸಂಗಡ ಮಾತು ಬಿಟ್ಟವರ ಹಾಗೆ. ಆಮೇಲೆ ಸಿಮೆಂಟ್ ಫ್ಯಾಕ್ಟರಿಯಲ್ಲಿರುವ ಗೆಳೆಯನೊಬ್ಬ, ನೀರಿನ ಪೈಪಿಗೆ ಹಾಕುವ ಉಕ್ಕಿನ ಕ್ಲಿಪ್ಪು ಹಾಕು, ಜಗತ್ತೇ ಅದರ ಮೇಲೆ ನಿಂತಿದೆ ಎಂದ. ಅಂಗಡಿಯಿಂದ ಎರಡು ತಂದು ಹಾಕಿದೆ. ಸ್ಟ್ಯಾಂಡು ನಿಂತಿತು. ಆದರೆ ಕ್ಲಿಪ್ಪಿನ ಹೊರಚಾಚಿದ ಬಾಲ ನನ್ನ ಪ್ಯಾಂಟಿನ ಒಳಗಾಲನ್ನು ಮೊಣಕಾಲಿನವರೆಗೆ ಸೀಳಿತು. ಸುಜಾತಾ ಅದನ್ನು ಹೊಲಿದಳು. ಸೂಜಿ ಓಡುತ್ತಿದ್ದ ವೇಗದಿಂದಲೇ ಅವಳ ಮನಸ್ಸು ನನಗೆ ತಿಳಿಯಿತು.

ಹ್ಯಾಂಡಲ್ಲಿಗೆ ಕಟ್ಟಿದೆ, ಬಾಟಲಿ ಗಂಟೆಗೆ ಬಡಿಯಿತು, ಚಿತ್ತಾಪುರ ರಸ್ತೆಯುದ್ದಕ್ಕೂ ಕುಲ್ಫಿಯವನ ಹಾಗೆ ಗಂಟೆ ಬಾರಿಸುತ್ತ ಹೋದೆ. ಒಬ್ಬ ಮುದುಕರು ನಿಲ್ಲಿಸಿ ಏನು ಮಾರುತ್ತೀ ಎಂದೂ ಕೇಳಿದರು.

ಕೊನೆಗೆ ಸೋತು, ಒಂದು ಸಂಜೆ ಸೈಕಲ್ಲನ್ನು ಸೀಮೆಎಣ್ಣೆ ಹಚ್ಚಿ ಒರೆಸುತ್ತ ಕೂತಿದ್ದೆ. ಹ್ಯಾಂಡಲ್ಲಿನಿಂದ ಪೆಡಲ್ಲಿನ ಕಡೆಗೆ ಇಳಿಯುವ ದಂಡಿಯ ಮೇಲೆ, ಧೂಳಿನ ಕೆಳಗೆ, ಗೇಣಿನ ಅಂತರದಲ್ಲಿ ಉಂಗುರದಂಥ ಎರಡು ಗುರುತುಗಳು ಕಂಡವು. ಬಣ್ಣ ಸವೆದು ಒಳಗಿನ ಕಬ್ಬಿಣ ಬಿಳಿಚಿಕೊಂಡಿತ್ತು. ಅಪ್ಪ ಏನನ್ನೋ ಬಹಳ ಕಾಲ ಅಲ್ಲಿ ಕಟ್ಟಿರಬೇಕು, ಕೊಡೆಯೋ ಏನೋ ಎಂದುಕೊಂಡು, ಎರಡು ಕ್ಲಿಪ್ಪುಗಳನ್ನು ಆ ಎರಡು ಉಂಗುರಗಳ ಮೇಲೆಯೇ ಇಟ್ಟು, ಅಡಿಯಲ್ಲಿ ಟ್ಯೂಬಿನ ತುಂಡು ಕೊಟ್ಟು ಬಿಗಿದೆ. ಬಾಲಗಳನ್ನು ಕೆಳಕ್ಕೆ ಮಡಚಿದೆ. ಮೊಣಕಾಲಿಗೆ ತಾಗಲಿಲ್ಲ, ಗಾಲಿಗೆ ತಾಗಲಿಲ್ಲ, ಬಾಟಲಿ ಕುಣಿಯಲಿಲ್ಲ. ಅಳತೆ ತೆಗೆದು ಮಾಡಿದ ಜಾಗದ ಹಾಗಿತ್ತು. ಅವ್ವ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. "ಅಲ್ಲೇ ಇರಲಿ" ಎಂದು ಒಳಗೆ ಹೋದಳು.

ಇಂದಿನದು ಅಂತಿಮ ಪರೀಕ್ಷೆ. ನನ್ನ ಆಫೀಸಿನ ಶರಣಪ್ಪ ಚಿತ್ತಾಪುರದ ಆಚೆಗಿನ ತನ್ನ ಹಳ್ಳಿಗೆ ಬಾ ಎಂದು ಬಹಳ ದಿನದಿಂದ ಕರೆಯುತ್ತಿದ್ದ. ಊರಿನ ಹೆಸರು ಇಲ್ಲಿ ಬೇಡ. ಸುಜಾತಾ ಬಾಟಲಿಯನ್ನು ಕಂಠಮಟ್ಟ ತುಂಬಿಸಿ, ಮುಚ್ಚಳ ತಿರುಗಿಸಿ, ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ ಕೈಗೆ ಕೊಟ್ಟಳು.

ತಂಪು ಹೊತ್ತಿನಲ್ಲಿ ಹೊರಟೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ, ಬಾಟಲಿಗೆ ಕೈ ಹಾಕುವ ಮೊದಲೇ ಹೋಟೆಲ್ಲಿನವನು ಗ್ಲಾಸಿನಲ್ಲಿ ನೀರು ತಂದಿಟ್ಟ. ಶರಣಪ್ಪನ ಮನೆಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿದಾಗ, ಅವನ ತಾಯಿ ತಾಮ್ರದ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದು ಬಂದರು. ಅವರ ಕಣ್ಣು ನನ್ನ ಬಾಟಲಿಯ ಮೇಲೆ ಬಿತ್ತು.

"ಏನಪ್ಪಾ, ನಮ್ಮ ಮನಿಗಿ ಬರಲಿಕ್ಕ ನೀರು ಕಟ್ಕೊಂಡು ಬಂದೀಯೇನು? ನಮ್ಮ ಮನ್ಯಾಗ ನೀರಿಲ್ಲಂತ ಯಾರು ಹೇಳಿದರು?"

ಕಿಡ್ನಿ, ಕಲ್ಲು, ಗಣಿತ ಎಲ್ಲ ವಿವರಿಸಿದೆ. ಅವರು ಒಪ್ಪಲಿಲ್ಲ. ಅವಮಾನ ತೀರಲೆಂದು ಎರಡನೆಯ ಚೊಂಬು ಕುಡಿಸಿದರು. ನಾನು ಯಾರ ಮಗ ಎಂದು ಶರಣಪ್ಪ ಹೇಳಿದಾಗ ಅವರು ಬಲಗೈಯ ಬೆರಳು ಮುಂದೆ ಚಾಚಿ, ನಿಮ್ಮಪ್ಪ ಇಲ್ಲಿ ಸೂಜಿ ಚುಚ್ಚಿದ್ದ, ನಾನು ಆಗ ಹೊಸ ಮದುವಣಗಿತ್ತಿ, ಇಡೀ ಓಣಿ ಕೇಳುವ ಹಾಗೆ ಅತ್ತಿದ್ದೆ ಎಂದು ನಕ್ಕರು. ಆ ಸಂಬಂಧದ ಲೆಕ್ಕದಲ್ಲಿ ಮಜ್ಜಿಗೆ ಬಂತು. ಪಕ್ಕದ ಮನೆಯವರು ಕರೆದು ಮತ್ತೆ ನೀರು ಕೊಟ್ಟರು. ತಿರುಗಿ ಬರುವಾಗ ಹೊಟ್ಟೆ ತುಂಬಿದ ಕೊಡದ ಹಾಗೆ ತುಳುಕುತ್ತಿತ್ತು. ದಂಡಿಯ ಮೇಲೆ ಬಾಟಲಿ ಮಾತ್ರ ಮದುವೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ ಕೂತಿತ್ತು.

ಮನೆಗೆ ಬಂದೆ. ಸುಜಾತಾ ನನ್ನನ್ನು ನೋಡಲಿಲ್ಲ, ಬಾಟಲಿಯನ್ನು ನೋಡಿದಳು. ಎತ್ತಿ ಬೆಳಕಿಗೆ ಹಿಡಿದಳು. ನೀರು ಕಂಠಮಟ್ಟವೇ ಇತ್ತು.

"ಅಷ್ಟು ದೂರ ಹೋಗಿ ಬಂದೀರಿ, ಒಂದು ಹನಿ ಕುಡದಿಲ್ಲ. ಇನ್ನ ನಾ ಏನೂ ಹೇಳಂಗಿಲ್ರಿ. ಗುಜರಿಯವ ಬರಲಿ."

ಕುಡಿದಿದ್ದೇನೆ, ಊರವರದ್ದೆಲ್ಲ ಕುಡಿದಿದ್ದೇನೆ ಎಂದೆ. ಎಲ್ಲಿದೆ ಸಾಕ್ಷಿ ಎಂದು ಅವಳು ಕೇಳಿದಳು, ನಾನು ಹೊಟ್ಟೆ ತೋರಿಸಿದೆ. ಅದು ಮೊದಲೂ ಹಾಗೆಯೇ ಇತ್ತು ಎಂದಳು. ಉತ್ತರ ಸರಿಯಿದ್ದರೂ ಲೆಕ್ಕ ಬಿಡಿಸಿ ತೋರಿಸದಿದ್ದರೆ ಅವಳು ಅಂಕ ಕೊಡುವುದಿಲ್ಲ. ಆಗ ಅವ್ವ, ಕೂತಲ್ಲಿಂದಲೇ, ಬೇರೆ ಯಾವುದೋ ಪ್ರಶ್ನೆ ಕೇಳಿದಳು.

"ಶರಣಪ್ಪನ ತಾಯಿ ನೀರು ಯಾವುದರಾಗ ಕೊಟ್ಟಳು?"

ಚೊಂಬಿನಲ್ಲಿ ಎಂದೆ.

"ಮ್ಯಾಲಿಂದ ಸುರುವಿದಳೇನು?"

"ಇಲ್ಲವ್ವ. ಕೈಯಾಗ ಕೊಟ್ಟಳು. ಬೆಲ್ಲನೂ ಕೊಟ್ಟಳು."

ಅವ್ವ ಸೊಸೆಯ ಕಡೆ ತಿರುಗಿ ಹೇಳಿದಳು. ಅಪ್ಪ ಆ ಊರುಗಳಲ್ಲಿ ಮನೆ ಮನೆ ತಿರುಗಿ ಎಲ್ಲರ ಬೆರಳಿನ ರಕ್ತ ತಂದರು. ನೀರು ಮಾತ್ರ ಯಾವ ಮನೆಯ ಪಾತ್ರೆಯಲ್ಲೂ ನಮ್ಮ ಜಾತಿಯವರಿಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಬೊಗಸೆ ಹಿಡಿಯಬೇಕಿತ್ತು, ಮೇಲಿನಿಂದ ಸುರಿಯುತ್ತಿದ್ದರು. ಅಪ್ಪ ಬೊಗಸೆ ಹಿಡಿಯಲಾರೆ ಎಂದರು. ಔಷಧದ ದೊಡ್ಡ ಗಾಜಿನ ಬಾಟಲಿಗೆ ಒದ್ದೆ ಗೋಣಿ ಸುತ್ತಿ, ಎರಡು ಕಡೆ ಹಗ್ಗ ಬಿಗಿದು, ಆ ದಂಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಆ ಉಂಗುರಗಳು ಹಗ್ಗ ಉಜ್ಜಿದ ಗುರುತು.

"ಅವರ ಬಾಟ್ಲಿ ದಿನಾ ಖಾಲಿ ಬರತಿತ್ತು" ಎಂದಳು ಅವ್ವ. "ಇವಂದು ತುಂಬಿ ಬಂದದ. ಸೈಕಲ್ ಇರಲಿ ಸುಜಾತಾ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದರೆ, ನೀನು ಭಾಷಣ ಮಾಡುತ್ತಿದ್ದೆಯಲ್ಲ ಎಂದಳು. ಸೈಕಲ್ ಮಾಡಿದವನು ನಮ್ಮ ಕಡೆ ಬಂದಿಲ್ಲ ಎಂದಾಗ ಅವಳು ಬಿಸಿಲಿನ ಬಗ್ಗೆ ಹೇಳಿರಲಿಲ್ಲ. ಈಗ ಎಲ್ಲ ಊರೂ ಎಲ್ಲ ಮನೆಯೂ ಶರಣಪ್ಪನ ಮನೆಯಂತಾಗಿದೆ ಎಂದು ನಾನು ಬರೆದರೆ ಅವಳು ನನ್ನ ಪೆನ್ನು ಕಸಿದುಕೊಳ್ಳುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ನೀರು ಕಟ್ಟಿಕೊಂಡು ಬಂದದ್ದಕ್ಕೆ ಒಬ್ಬ ಮುದುಕಿಯ ಕೈಯಲ್ಲಿ ಬೈಸಿಕೊಂಡೆ ಎಂದಷ್ಟೇ ಬರೆಯುತ್ತೇನೆ. ಆ ಬೈಗುಳ ಅಪ್ಪನಿಗೆ ಒಂದು ದಿನವೂ ಸಿಕ್ಕಿರಲಿಲ್ಲ. ಬಾಟಲಿ ದಂಡಿಯ ಮೇಲೆಯೇ ಇರುತ್ತದೆ. ಬೇಕಾಗುವ ದಿನವೂ ಬರಬಹುದು.

ಸುಜಾತಾ ಬಾಟಲಿಯ ಮುಚ್ಚಳ ತೆಗೆದು ಅತ್ತೆಗೆ ಕೊಟ್ಟಳು. ಅವ್ವ ಒಂದು ಗುಟುಕು ಕುಡಿದು, ಇದು ಬಿಸಿಯಾಗಿದೆ, ನಿಮ್ಮಪ್ಪನದು ತಣ್ಣಗಿರುತ್ತಿತ್ತು, ಗೋಣಿ ಸುತ್ತು ಎಂದಳು.

ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯೆ, ಶೇಂಗಾದ ಚಟ್ನಿಪುಡಿ, ಮೊಸರು. ನನ್ನ ತಟ್ಟೆಯ ಪಕ್ಕದಲ್ಲಿ ಒಂದು ಚೊಂಬು ನೀರು. ಕುಡಿಯದೆ ಏಳುವ ಹಾಗಿರಲಿಲ್ಲ. ಊಟವಾದ ಮೇಲೆ ಮೂವರೂ ತಣ್ಣಗಿನ ಕಲ್ಲಿನ ನೆಲದ ಮೇಲೆ ಅಡ್ಡಾದೆವು. ಮೊದಲು ನಿದ್ದೆ ಹೋದವಳು ಸುಜಾತಾ. ಸಿಟ್ಟಿದ್ದ ದಿನ ಅವಳಿಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ಓಣಿಯ ತುದಿಯಲ್ಲಿ ಗುಜರಿಯವನ ಕೂಗು ಕೇಳಿದಾಗ ಅವ್ವ ಎದ್ದು ಹೋಗಿ ಕದ ಎಳೆದು ಮುಚ್ಚಿ ಬಂದಳು. ಸೊಸೆಯ ನಿದ್ದೆ ಕೆಡಬಾರದಲ್ಲ ಎಂದಳು. ಆಮೇಲೆ ಅವಳಿಗೂ ನಿದ್ದೆ ಬಂತು. ನಾನೊಬ್ಬನೇ ಮಲಗಲಿಲ್ಲ. ಊರವರು ಕುಡಿಸಿದ ನೀರು ಬಚ್ಚಲಿಗೂ ಚಾಪೆಗೂ ನನ್ನನ್ನು ತಿರುಗಾಡಿಸುತ್ತಲೇ ಇತ್ತು. ಸಾಕ್ಷಿ ಕೇಳಿದವಳು ಮಾತ್ರ ಗೊರಕೆ ಹೊಡೆಯುತ್ತಿದ್ದಳು.